ದಾಳಿಂಬೆ ಸಿಪ್ಪೆಯ ಆರ್‌ಎನ್‌ಎ: ಕಾಲಮ್ ಕಿಟ್ಟೋ, ಸಿಟಿಎಬಿಯೋ?

ದಾಳಿಂಬೆ ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಕೆಂಪು ಬಣ್ಣ ತುಂಬಿಸುವ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆಯಲು ಮೊದಲು ಆ ಜೀನ್‌ಗಳ ನಕಲಾದ ಆರ್‌ಎನ್‌ಎ ಶುದ್ಧವಾಗಿ ಬೇಕು. ಅದಕ್ಕಾಗಿ ಪೊರೆಯಿರುವ ಕೊಳವೆಯಲ್ಲಿ ಆರ್‌ಎನ್‌ಎಯನ್ನು ಹಿಡಿಯುವ ದುಬಾರಿ ಕಾಲಮ್ ಕಿಟ್ ಒಂದನ್ನು ತರಿಸಿ ಬಳಸಿ ನೋಡಿದ ಮೇಲೆ ನಾನು ಸಿಟಿಎಬಿ ಎಂಬ ಮಾರ್ಜಕ ಬಳಸುವ ಹಳೆಯ ವಿಧಾನಕ್ಕೇ ಮರಳಿದ್ದೇನೆ. ಸಿಪ್ಪೆಯ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ.

ಎಳೆಯ ಎಲೆಗಾದರೆ ಕಿಟ್ ಸಾಕು, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಚರ್ಮ ಹದ ಮಾಡಲು ಬಳಕೆಯಲ್ಲಿದ್ದ ದಾಳಿಂಬೆ ಸಿಪ್ಪೆಯಲ್ಲಿ ಒಗರಿನ ಟ್ಯಾನಿನ್ ವಿಪರೀತ. ದ್ರವ ಸಾರಜನಕದಲ್ಲಿ ಅರೆದ ಪುಡಿ ಜೀವಕೋಶ ಒಡೆಯುವ ಕಿಟ್‌ನ ಗ್ವಾನಿಡಿನ್ ದ್ರಾವಣಕ್ಕೆ ಬಿದ್ದೊಡನೆ ಕಂದಾಯಿತು, ಲೋಳೆಯಂಥ ಪಾಲಿಸ್ಯಾಕರೈಡ್ ಕಾಲಮ್‌ನ ಪೊರೆಯನ್ನು ಕಟ್ಟಿತು. ಬೆಳಕು ಹೀರಿಕೆಯಿಂದ ಶುದ್ಧತೆ ಅಳೆದಾಗ, ಪ್ರೋಟೀನ್ ಕಲ್ಮಶ ತೋರಿಸುವ 260/280 ಅನುಪಾತ ಸರಿಯಾಗಿಯೇ ಕಂಡರೂ, ಫೀನಾಲ್, ಪಾಲಿಸ್ಯಾಕರೈಡ್‌ಗಳ ಕಲ್ಮಶ ತೋರಿಸುವ, ಎರಡರ ಆಸುಪಾಸಿನಲ್ಲಿರಬೇಕಾದ 260/230 ಅನುಪಾತ ಒಂದನ್ನೂ ಮುಟ್ಟಲಿಲ್ಲ.

ಬಣ್ಣದ ಅಧ್ಯಯನದಲ್ಲಿ ಇದು ಬರಿಯ ಕಿರಿಕಿರಿಯಲ್ಲ, ಫಲಿತಾಂಶವನ್ನೇ ತಿರುಚಬಲ್ಲ ದೋಷ. ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿಯಾದ ಸಿಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿದರೆ, ಪಿಸಿಆರ್‌ನಲ್ಲಿ ಅದು ಪತ್ತೆಯಾಗಲು ಬೇಕಾದ ಸುತ್ತುಗಳ ಸಂಖ್ಯೆ, ಅಂದರೆ ಸಿಟಿ ಮೌಲ್ಯ, ಸುಮಾರು 3.3 ಏರಬೇಕು, ಕಿಟ್‌ನ ಮಾದರಿಗಳಲ್ಲಿ ಅಷ್ಟು ಏರಲಿಲ್ಲ, ಅಂದರೆ ಉಳಿದುಕೊಂಡ ಕಲ್ಮಶ ಡಿಎನ್‌ಎ ಪ್ರತಿ ಮಾಡುವ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತಿತ್ತು. ಕೆಂಪು ಭಗ್ವಾ ಮತ್ತು ಮಾಸಲು ಸಿಪ್ಪೆಯ ಗಣೇಶ್ ತಳಿಗಳ ಕಲ್ಮಶ ಒಂದೇ ಪ್ರಮಾಣದಲ್ಲಿರುತ್ತದೆಂಬ ಭರವಸೆಯಿಲ್ಲ. ಆ ತಡೆ ಎಲ್ಲ ಜೀನ್‌ಗಳ ಮೇಲೂ ಸಮನಾಗಿ ಬೀಳದ ಕಾರಣ ಹೆಚ್ಚುಕಡಿಮೆ ಒಂದೇ ಸಮ ಕೆಲಸ ಮಾಡುವ ಆ್ಯಕ್ಟಿನ್ ಜೀನ್‌ನೊಂದಿಗೆ ತಾಳೆ ಹಾಕಿದರೂ ದೋಷ ಪೂರ್ತಿ ಅಳಿಯುವುದಿಲ್ಲ.

ಈ ಕ್ಷೇತ್ರದಲ್ಲಿ ಒಂದು ಜೀನ್ ಕೆಲಸ ಮಾಡುತ್ತಿಲ್ಲ ಎಂಬುದೇ ಎಷ್ಟೋ ಸಲ ಮುಖ್ಯ ಸಂಶೋಧನೆಯಾಗುತ್ತದೆ. ಬಿಳಿ ದ್ರಾಕ್ಷಿಯ ಸಿಪ್ಪೆಯಲ್ಲಿ ಆಂಥೋಸಯನಿನ್ ತಯಾರಿಕೆಗೆ ಬೇಕಾದ ಯುಎಫ್‌ಜಿಟಿ ಜೀನ್ ಸುಮ್ಮನಿರುವುದು ಗೊತ್ತಾದ ನಂತರ, ಅದನ್ನು ಎಚ್ಚರಿಸಬೇಕಾದ ವಿವಿಎಂವೈಬಿಎ1 ಜೀನ್‌ನ ಆರಂಭ ಭಾಗಕ್ಕೆ ಗ್ರೆಟ್1 ಎಂಬ ಜಿಗಿಯುವ ಡಿಎನ್‌ಎ ತುಣುಕು ಸೇರಿಕೊಂಡಿರುವುದನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಜೀನ್ ಸುಮ್ಮನಿದೆಯೋ, ನಮ್ಮ ಆರ್‌ಎನ್‌ಎ ಕೊಳೆಯಾಗಿದೆಯೋ ಎಂದು ಅನುಮಾನಿಸುವ ಸ್ಥಿತಿಯಲ್ಲಿ ಅಂಥ ಮಾತನ್ನು ಆಡಲಾಗದು.

ಸಿಟಿಎಬಿ ದ್ರಾವಣದಲ್ಲಿರುವ ಪಿವಿಪಿ ಎಂಬ ಪಾಲಿಮರ್ ಟ್ಯಾನಿನ್‌ನಂಥ ಫೀನಾಲ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರ್ಕ್ಯಾಪ್ಟೋಎಥನಾಲ್ ಕಂದಾಗುವುದನ್ನು ತಡೆಯುತ್ತದೆ, ಹೆಚ್ಚಿನ ಉಪ್ಪಿನಂಶ ಲೋಳೆಯನ್ನು ಬೇರ್ಪಡಿಸುತ್ತದೆ. 65 ಡಿಗ್ರಿಯಲ್ಲಿ ಕಾಯಿಸಿ, ಕ್ಲೋರೋಫಾರ್ಮ್‌ನಿಂದ ಎರಡು ಬಾರಿ ತೊಳೆದು, ಲಿಥಿಯಂ ಕ್ಲೋರೈಡ್ ಬೆರೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಆರ್‌ಎನ್‌ಎ ತಳಕ್ಕಿಳಿಯುತ್ತದೆ. ವಾಸನೆ ಮಾತ್ರ ಸಹಿಸಲಸಾಧ್ಯ. ಫ್ಯೂಮ್ ಹುಡ್ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಆರ್‌ಎನ್‌ಎ ತೆಗೆಯಲೆಂದೇ ಮಾರುವ ಫೀನಾಲ್ ಬೆರೆತ ಸಿದ್ಧ ದ್ರಾವಣ ಇದಕ್ಕೆ ಬದಲಿಯಲ್ಲ: ಅದೂ ಗ್ವಾನಿಡಿನ್‌ನದೇ, ಕಂದಾಗುವುದೂ ಹಾಗೆಯೇ.

ಲಿಥಿಯಂ ಕ್ಲೋರೈಡ್ ಸಣ್ಣ ಆರ್‌ಎನ್‌ಎಗಳನ್ನು ಸರಿಯಾಗಿ ಇಳಿಸುವುದಿಲ್ಲವಾದ್ದರಿಂದ ಮೈಕ್ರೋಆರ್‌ಎನ್‌ಎ ಹುಡುಕುವವರು ಬೇರೆ ದಾರಿ ನೋಡಬೇಕು. ಸಂಜೆ ಕೆಲಸ ಮಾಡಿ ಬೆಳಿಗ್ಗೆ ಮುಂದುವರಿಸುವ ನನ್ನ ರೂಢಿಗೆ ರಾತ್ರಿಯ ಕಾಯುವಿಕೆ ಹೊರೆಯೆನಿಸದು, ಬೇಕಾದ ರಾಸಾಯನಿಕಗಳೂ ಪ್ರಯೋಗಾಲಯದ ಕಪಾಟಿನಲ್ಲೇ ಇವೆ. ಕಿಟ್‌ನಲ್ಲಿ ಉಳಿದ ಕಾಲಮ್‌ಗಳನ್ನು ಬೆರೆತ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಬಳಸಿದ ನಂತರದ ಕೊನೆಯ ಶುದ್ಧೀಕರಣಕ್ಕೆ ಉಪಯೋಗಿಸುತ್ತಿದ್ದೇನೆ.