ಸೈಟಿಗೆ ಫೈಲು ತಾನಾಗೇ ಹೋಗಲು: ವಿನ್‌ಎಸ್‌ಸಿಪಿ, ಎಲ್‌ಎಫ್‌ಟಿಪಿ, ಆರ್‌ಸಿಂಕ್

ಈ ಮೂರೂ ನಮ್ಮ ಕಂಪ್ಯೂಟರಿಗೂ ಸೈಟಿನ ಸರ್ವರಿಗೂ ನಡುವೆ ಫೈಲು ಸಾಗಿಸುವ ಪ್ರೋಗ್ರಾಮುಗಳು; ಎಫ್‌ಟಿಪಿ ಆ ಸಾಗಣೆಯ ಹಳೇ ವಿಧಾನ, ಎಸ್‌ಎಫ್‌ಟಿಪಿ ಗುಟ್ಟಾಗಿ ಕಳಿಸುವ ವಿಧಾನ. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದು, ಹೋಸ್ಟಿಂಗ್‌ನವರು ಎಸ್‌ಎಫ್‌ಟಿಪಿ ಕೊಟ್ಟಿದ್ದರೆ ವಿನ್‌ಎಸ್‌ಸಿಪಿ ಹಾಕಿಕೊಳ್ಳಿ, ಮುಂದೆ ಓದದಿದ್ದರೂ ನಡೆಯುತ್ತದೆ. ಬರೀ ಎಫ್‌ಟಿಪಿ ಕೊಟ್ಟಿದ್ದರೆ ಮಾತ್ರ ಓದಲೇಬೇಕು. ಅಲ್ಲಿ ಐದೂವರೆ ಗಂಟೆಯ ತಕರಾರೊಂದಿದೆ.

ಪರೀಕ್ಷೆಗೆ ಇಟ್ಟುಕೊಂಡ ಕೆಲಸ ಇಷ್ಟು. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದರ ಸೈಟು. ಹರಾಜು ಮುಗಿಯುತ್ತಿದ್ದಂತೆ 15 ಕೆಜಿ ಬಾಕ್ಸಿನ ದರ ತುಂಬಿದ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಪಟ್ಟಿ) ಫೈಲು, ಜೊತೆಗೆ ಮಾಲಿನ ಐವತ್ತು ಫೋಟೊ ಮೇಲಕ್ಕೆ ಹೋಗಬೇಕು. ಸಂಜೆ ಸೈಟಿನಲ್ಲಿ ಬಂದ ವಿಚಾರಣೆಗಳ ಫೈಲು ಕೆಳಗಿಳಿಯಬೇಕು. ಗುಮಾಸ್ತರು ಒಂದು ಬಟನ್ನೂ ಒತ್ತುವಂತಿರಬಾರದು. ನೆಟ್ಟು ಮೊಬೈಲ್ ಹಾಟ್‌ಸ್ಪಾಟಿನದು, ಕರೆಂಟು ಹೋಗಿ ಬಂದು ಮಾಡುತ್ತದೆ.

ಎಲ್ಲರ ಕಂಪ್ಯೂಟರಿನಲ್ಲೂ ಇರುವ ಫೈಲ್‌ಝಿಲ್ಲಾ ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಕೈಯಿಂದ ಎಳೆದು ಹಾಕಲು ಚೆನ್ನ. ಕಮಾಂಡ್ ಕೊಟ್ಟು ತಾನಾಗಿ ಕಳಿಸುವ ಸೌಲಭ್ಯ ಅದರಲ್ಲಿಲ್ಲ.

ಈಗ ಆ ಐದೂವರೆ ಗಂಟೆ. ಎಫ್‌ಟಿಪಿಯ ಈಗಿನ ಮೂಲ ನಿಯಮ 1985ರದು. ಫೈಲುಗಳ ಪಟ್ಟಿ ಕೇಳಿದರೆ ಸರ್ವರು ಸಮಯವನ್ನೇನೋ ಹೇಳುತ್ತದೆ, ಅದು ಯಾವ ದೇಶದ ಸಮಯ ಎಂದು ಹೇಳುವುದಿಲ್ಲ. ಆರು ತಿಂಗಳು ದಾಟಿದ ಫೈಲಿಗಂತೂ ಗಂಟೆಯೂ ಇರದು, ಬರೀ ವರ್ಷ. ಯುಟಿಸಿಯಲ್ಲೇ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಸಮಯ ಕೊಡುವ ಎಂಎಲ್‌ಎಸ್‌ಡಿ ಕಮಾಂಡು 2007ರ ಆರ್‌ಎಫ್‌ಸಿ 3659 ಎಂಬ ನಿಯಮಪತ್ರದಲ್ಲಿ ಬಂತು. ಅಗ್ಗದ ಹೋಸ್ಟಿಂಗಿನ ಸರ್ವರಿನಲ್ಲಿ ಅದು ಇದ್ದೇ ಇರುತ್ತದೆಂದು ನಂಬಿ ಕೂರಬೇಡಿ.

ಸರ್ವರಿನ ಗಡಿಯಾರ ಯುಟಿಸಿಯಲ್ಲಿದೆ ಅನ್ನಿ. ಬೆಳಿಗ್ಗೆ 11ಕ್ಕೆ ಉಳಿಸಿದ ಫೈಲು 11:05ಕ್ಕೆ ಮೇಲೆ ಹೋಯಿತು. ಸರ್ವರು ಅದನ್ನು 5:35 ಎಂದು ತೋರಿಸುತ್ತದೆ. ಮುಂದಿನ ಸಲ ಪ್ರೋಗ್ರಾಮು ನೋಡಿದಾಗ ಅಲ್ಲಿನದು 5:35, ಇಲ್ಲಿನದು 11, ಅಂದರೆ ಇಲ್ಲಿನದೇ ಹೊಸದು. ಮತ್ತೆ ಕಳಿಸುತ್ತದೆ. ಅರ್ಧ ಗಂಟೆಗೊಮ್ಮೆ ಓಡುವಂತೆ ಇಟ್ಟಿದ್ದರೆ ಅರ್ಧ ಗಂಟೆಗೊಮ್ಮೆ ಐವತ್ತೂ ಫೋಟೊ ಮತ್ತೆ ಹೋಗುತ್ತವೆ. ಒಂದೊಂದು 3 ಎಂಬಿ ಅಂದರೂ ಸಲಕ್ಕೆ 150 ಎಂಬಿ. ಮಧ್ಯಾಹ್ನಕ್ಕೆಲ್ಲ ಡೇಟಾ ಖಾಲಿ.

ಇದಾದರೂ ಕಣ್ಣಿಗೆ ಬೀಳುತ್ತದೆ. ಸರ್ವರು ಸಿಂಗಪುರದ ಸಮಯದಲ್ಲಿದ್ದರೆ ಆಗುವುದು ಯಾರಿಗೂ ಗೊತ್ತೇ ಆಗುವುದಿಲ್ಲ. ಅದು ನಮಗಿಂತ ಎರಡೂವರೆ ಗಂಟೆ ಮುಂದೆ. 11:05ಕ್ಕೆ ಹೋದ ಫೈಲು ಅಲ್ಲಿ 1:35ರದು ಅನ್ನಿಸಿಕೊಳ್ಳುತ್ತದೆ. ಗುಮಾಸ್ತರು 12ಕ್ಕೆ ದರ ತಿದ್ದಿದರೆ ಸರ್ವರಿನದೇ ಹೊಸದೆಂದು ಪ್ರೋಗ್ರಾಮು ಸುಮ್ಮನಾಗುತ್ತದೆ. ಲಾಗಿನಲ್ಲಿ ಎರರ್ ಇಲ್ಲ, ಸೈಟಿನಲ್ಲಿ ಹಳೇ ದರ.

ಸಮಯವೇ ಬೇಡ, ಫೈಲಿನ ಗಾತ್ರ ನೋಡಿ ಹೋಲಿಸೋಣ ಎಂದು ಹಲವರು ಹೇಳಿಕೊಡುತ್ತಾರೆ. ಫೋಟೊಗಳಿಗೆ ಸರಿ. ದರದ ಫೈಲಿಗೆ ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ: 350 ತೆಗೆದು 420 ಬರೆದರೆ ಮೂರಂಕಿ ಹೋಗಿ ಮೂರಂಕಿ ಬಂತು, ಗಾತ್ರ ಒಂದು ಬೈಟೂ ಬದಲಾಗಲಿಲ್ಲ.

ಎಲ್‌ಎಫ್‌ಟಿಪಿ ಇಲ್ಲಿ ವಿನ್‌ಎಸ್‌ಸಿಪಿಗಿಂತ ನೇರ. ಪಟ್ಟಿಯಲ್ಲಿರುವುದು ಜಿಎಂಟಿ, ಅಂದರೆ ಯುಟಿಸಿಯದೇ ಸಮಯ, ಎಂದು ಅದು ಹಿಡಿದುಕೊಳ್ಳುತ್ತದೆ, ಆದ್ದರಿಂದ ಮೊದಲನೇ ಕಷ್ಟ ಬರುವುದೇ ಇಲ್ಲ. ಸಿಂಗಪುರಕ್ಕಾದರೆ ಎಫ್‌ಟಿಪಿ ಟೈಮ್‌ಝೋನ್ ಸೆಟ್ಟಿಂಗು ಒಂದು ಸಾಲು. ಮಿರರ್ ಕಮಾಂಡಿಗೆ ರಿವರ್ಸ್ ಸೇರಿಸಿದರೆ ಇಲ್ಲಿಂದ ಅಲ್ಲಿಗೆ, ಬಿಟ್ಟರೆ ಅಲ್ಲಿಂದ ಇಲ್ಲಿಗೆ. ಆದರೆ ಅದು ಲಿನಕ್ಸಿನ ಸರಕು. ಅದೊಂದಕ್ಕಾಗಿ ಮಂಡಿಯ ಕಂಪ್ಯೂಟರಿಗೆ ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿದರೆ, ನಾಳೆ ಕೈಕೊಟ್ಟಾಗ ಬಿಚ್ಚಿ ನೋಡುವವರು ಯಾರು?

ವಿನ್‌ಎಸ್‌ಸಿಪಿಯಲ್ಲಿ ಎಫ್‌ಟಿಪಿಯೇ ಗತಿಯಾದರೆ, ಸೆಷನ್ನಿನ ಅಡ್ವಾನ್ಸ್ಡ್‌ನಲ್ಲಿ ಎನ್ವಿರಾನ್‌ಮೆಂಟ್ ಪುಟಕ್ಕೆ ಹೋಗಿ ಸಮಯದ ವ್ಯತ್ಯಾಸವನ್ನು ಗಂಟೆ, ನಿಮಿಷ ಎರಡರಲ್ಲೂ ತುಂಬಿ. ಕೂಡಿಸುವುದೋ ಕಳೆಯುವುದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಒಂದು ಫೈಲು ಕಳಿಸಿ ಎಡಗಡೆ, ಬಲಗಡೆ ಎರಡೂ ಕಡೆ ಒಂದೇ ಸಮಯ ಕಾಣುವ ತನಕ ಬದಲಿಸಿ. ಎಸ್‌ಎಫ್‌ಟಿಪಿಗೆ ಇದ್ಯಾವುದೂ ಬೇಕಿಲ್ಲ. ಅದು ಸಮಯವನ್ನು 1970ರಿಂದ ಎಣಿಸಿದ ಯುಟಿಸಿ ಸೆಕೆಂಡುಗಳಲ್ಲೇ ಕೊಡುತ್ತದೆ. ಪಾಸ್‌ವರ್ಡು ಬತ್ತಲಾಗಿ ಹೋಗುವುದಿಲ್ಲ ಎಂಬುದು ಬೇರೆ.

ತಾನಾಗಿ ಓಡುವ ಕಮಾಂಡುಗಳ ಪಟ್ಟಿಯನ್ನು, ಅಂದರೆ ವಿನ್‌ಎಸ್‌ಸಿಪಿಯ ಸ್ಕ್ರಿಪ್ಟನ್ನು, ಮೊದಲಿಂದ ಬರೆಯುವ ಕೆಲಸವಿಲ್ಲ. ಒಮ್ಮೆ ಕೈಯಿಂದ ಕನೆಕ್ಟ್ ಆಗಿ ಮೆನುವಿನಲ್ಲಿ ಸೆಷನ್ ಕೋಡ್ ತಯಾರಿಸುವ ಆಯ್ಕೆ ಒತ್ತಿದರೆ ಹೋಸ್ಟ್ ಕೀ (ಸರ್ವರಿನ ಗುರುತು) ಸಮೇತ ಸಿದ್ಧ ಸಾಲು ಸಿಗುತ್ತದೆ. ಆ ಹೋಸ್ಟ್ ಕೀ ಅಳಿಸಬೇಡಿ. ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟು ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಬೇರೆ ಯೂಸರ್ ಹೆಸರಿನಲ್ಲಿ ಓಡಿದಾಗ ಈ ಸರ್ವರನ್ನು ನಂಬಬಹುದೇ ಎಂಬುದಕ್ಕೆ ನೀವು ಹಿಂದೆ ಒತ್ತಿದ ‘ಹೌದು’ ಅದಕ್ಕೆ ಗೊತ್ತಿರುವುದಿಲ್ಲ. ಝಡ್ ಡ್ರೈವಿನಂಥ ನೆಟ್‌ವರ್ಕ್ ಡ್ರೈವೂ ಅದಕ್ಕೆ ಕಾಣದಿರಬಹುದು, ಪೂರ್ತಿ ದಾರಿಯನ್ನೇ ಬರೆಯಿರಿ. ಬ್ಯಾಚ್ ಫೈಲಿನಿಂದ ಓಡಿಸುವಾಗ ಡಾಟ್ ಇಎಕ್ಸ್‌ಇ ಬಿಟ್ಟು ಡಾಟ್ ಕಾಮ್ ಕೊನೆಯಿರುವ ವಿನ್‌ಎಸ್‌ಸಿಪಿಯನ್ನು ಕರೆಯಿರಿ.

ಇನ್ನೊಂದು ಚಿಲ್ಲರೆ ಕಾಟ: ಪಾಸ್‌ವರ್ಡಿನಲ್ಲಿ ‘ಅಟ್’ ಚಿಹ್ನೆ ಇದ್ದರೆ ವಿಳಾಸದ ಸಾಲಿನಲ್ಲಿ ಅದು %40 ಆಗಬೇಕು. ಅದೇ ಸಾಲು ನೇರ ಬ್ಯಾಚ್ ಫೈಲಿನೊಳಗಿದ್ದರೆ %%40. ಲಿನಕ್ಸಿಗೆ ಹೋದರೂ ಈ ಶೇಕಡಾ ಚಿಹ್ನೆ ಬೆನ್ನು ಬಿಡುವುದಿಲ್ಲ, ಅಲ್ಲಿ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಸಾಲಿನಲ್ಲಿ ಅದಕ್ಕೆ ಮೊದಲು ಹಿಂಓರೆಗೆರೆ (\) ಹಾಕದಿದ್ದರೆ ಕಮಾಂಡು ಅಲ್ಲಿಗೇ ತುಂಡಾಗುತ್ತದೆ.

ಕರೆಂಟು ಹೋದಾಗ ವಿನ್‌ಎಸ್‌ಸಿಪಿಯ ಬೆಲೆ ತಿಳಿಯುತ್ತದೆ. ಎಸ್‌ಎಫ್‌ಟಿಪಿಯಲ್ಲಿ 100 ಕೆಬಿ ಮೀರಿದ ಫೈಲನ್ನು ಅದು ಮೊದಲು ಡಾಟ್ ಫೈಲ್‌ಪಾರ್ಟ್ ಎಂಬ ಹೆಸರಿನಲ್ಲಿ ಕಳಿಸಿ, ಪೂರ್ತಿ ಹೋದ ಮೇಲೆ ನಿಜ ಹೆಸರಿಡುತ್ತದೆ. ಅರ್ಧ ಟೊಮೆಟೊ, ಅರ್ಧ ಬೂದುಬಣ್ಣದ ಫೋಟೊ ಸೈಟಿನಲ್ಲಿ ಕಾಣುವುದಿಲ್ಲ.

ಸಂಜೆಯ ಡೌನ್‌ಲೋಡಿಗೆ ಒಂದೇ ಎಚ್ಚರ. ವಿಚಾರಣೆಯ ಫೈಲಿಗೆ ಸೈಟು ಬರೆಯುತ್ತಲೇ ಇರುತ್ತದೆ, ಹಾಗೇ ಇಳಿಸಿ ಅಳಿಸಿದರೆ ನಡುವೆ ಬಂದ ವಿಚಾರಣೆ ಕಳೆದುಹೋಗುತ್ತದೆ. ಮೊದಲು ಎಂವಿ ಕಮಾಂಡಿನಿಂದ ಅಲ್ಲೇ ಅದರ ಹೆಸರು ಬದಲಿಸಿ, ಆಮೇಲೆ ಡಿಲೀಟ್ ಆಯ್ಕೆಯೊಂದಿಗೆ ಗೆಟ್ ಕಮಾಂಡಿನಿಂದ ಇಳಿಸಿಕೊಳ್ಳಿ.

ಆರ್‌ಸಿಂಕ್ 1996ರಿಂದ ಇದೆ, ಬದಲಾದ ತುಣುಕನ್ನಷ್ಟೇ ಕಳಿಸುವುದಕ್ಕೆ ಹೆಸರುವಾಸಿ. ನಮ್ಮ ಕೆಲಸಕ್ಕೆ ಆ ಜಾಣತನ ವ್ಯರ್ಥ: ಫೋಟೊಗಳು ದಿನಾ ಹೊಸವು, ದರದ ಫೈಲು ನಾಲ್ಕೈದು ಕೆಬಿ. ಆಚೆ ಕಡೆಯೂ ಆರ್‌ಸಿಂಕ್ ಇರಬೇಕು, ಸರ್ವರಿಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಾಗಿಲು ತೆರೆದಿರಬೇಕು. ಮೂಲ ಫೋಲ್ಡರಿನ ಕೊನೆಯ ಓರೆಗೆರೆ ಇದ್ದರೆ ಒಳಗಿನ ಫೈಲುಗಳು ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ಇಲ್ಲಿಲ್ಲದ ಫೈಲನ್ನು ಅಲ್ಲೂ ಅಳಿಸುವ ಡಿಲೀಟ್ ಆಯ್ಕೆ ಸೇರಿಸುವ ಮುಂಚೆ ಡ್ರೈ ರನ್ (ಏನನ್ನೂ ಬದಲಿಸದ ತಾಲೀಮು) ಮಾಡದವರಿಗೆ ಇದನ್ನು ಕೊಡಬಾರದು. ಲಿನಕ್ಸ್‌ನಿಂದ ಲಿನಕ್ಸ್‌ಗೆ ಇಡೀ ಸೈಟಿನ ಬ್ಯಾಕಪ್ಪಿಗಾದರೆ ಇದರ ಸರಿಸಮ ಯಾವುದೂ ಇಲ್ಲ, ಅದು ಬೇರೆ ಮಾತು.

ಮೂರೂ ಪುಕ್ಕಟೆ. ದುಡ್ಡು ಬೀಳುವುದು ಹೋಸ್ಟಿಂಗಿಗೆ. ಎಫ್‌ಟಿಪಿ ಮಾತ್ರದ ಪ್ಲಾನು ಬಿಟ್ಟು ಎಸ್‌ಎಫ್‌ಟಿಪಿ ಇರುವುದಕ್ಕೆ ಹೋಗಿ, ಆ ಹೆಚ್ಚಿನ ಹಣ ಡೇಟಾದಲ್ಲೇ ಹುಟ್ಟುತ್ತದೆ. ಇನ್ನು ಸ್ಕ್ರಿಪ್ಟು ಬಿದ್ದ ದಿನ ಗುಮಾಸ್ತರು ಅದೇ ವಿನ್‌ಎಸ್‌ಸಿಪಿ ತೆರೆದು ದರದ ಫೈಲನ್ನು ಎಡಗಡೆಯಿಂದ ಬಲಗಡೆಗೆ ಎಳೆದು ಹಾಕಿದರಾಯಿತು, ಸ್ಕ್ರಿಪ್ಟು ಸರಿಮಾಡುವವರಿಗೆ ಫೋನು ಮಾಡುವುದು ಲಾರಿ ಲೋಡಾದ ಮೇಲೆ.