ಪ್ರೋಟೀನ್ ಡೇಟಾ ಬ್ಯಾಂಕ್: ಸಾಗರದ ಕ್ಲಾಸಿನಲ್ಲಿ ಆರು ವರ್ಷ ಬಳಸಿದ ಮೇಲೆ

ಸಾಗರದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ಪ್ರೋಟೀನಿನಂಥ ಅಣುಗಳ ಮೂರು ಆಯಾಮದ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣವನ್ನು ಆರು ವರ್ಷದಿಂದ ಬಳಸುತ್ತಿದ್ದೇನೆ. ಈ ಸಂಗ್ರಹ 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದದ್ದು, ಈಗ 2 ಲಕ್ಷ ದಾಟಿದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಆದರೆ ನಾನು ಬರೆಯಲು ಕೂತದ್ದು ಒಂದೇ ಒಂದು ಫೈಲಿನ ಸಲುವಾಗಿ: 1ಎಒಎನ್.

ಅದು ಇ. ಕೋಲೈ ಬ್ಯಾಕ್ಟೀರಿಯಾದ ಗ್ರೋಇಎಲ್ ಅನ್ನುವ ಚಾಪರೋನ್, ಅಂದರೆ ಅಮೈನೊ ಆಮ್ಲಗಳ ಉದ್ದ ಸರವಾದ ಪ್ರೋಟೀನು ತನ್ನ ಆಕಾರಕ್ಕೆ ಮಡಚಿಕೊಳ್ಳುವಾಗ ನೆರವಾಗುವ ಇನ್ನೊಂದು ಪ್ರೋಟೀನು. ರಚನೆ ಹೊರಬಂದದ್ದು 1997ರಲ್ಲಿ. 'ಬೇರೆ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ' ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ, ಮಕ್ಕಳೂ ಬರೆದುಕೊಂಡಿದ್ದರು, ಹೇಗೆ ಅನ್ನುವುದು ಮಾತ್ರ ಯಾರ ಕಣ್ಣಿಗೂ ಕಟ್ಟಿರಲಿಲ್ಲ.

ಮೇಲಿನಿಂದ ನೋಡಿದರೆ ಏಳು ಎಸಳಿನ ಹೂವು. ಪಕ್ಕಕ್ಕೆ ತಿರುಗಿಸಿದರೆ ಏಳೇಳು ತುಂಡಿನ ಎರಡು ಬಳೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ಒಂದರ ಬಾಯಿಗೆ ಗ್ರೋಇಎಸ್ ಎಂಬ ಮುಚ್ಚಳ. ನೀರಿಗೆ ಒಗ್ಗುವ ಭಾಗಕ್ಕೊಂದು, ಒಗ್ಗದ ಭಾಗಕ್ಕೊಂದು ಬಣ್ಣ ಕೊಟ್ಟು, ಮುಂದಿನ ಅರ್ಧ ಮರೆಮಾಡಿ ಒಳಗೆ ನೋಡಿ. ಮುಚ್ಚಳ ಇಲ್ಲದ ಬಳೆಯ ಬಾಯಂಚಿನಲ್ಲಿ ನೀರು ಒಲ್ಲದ ಜಿಗುಟು ಜಾಗಗಳು ತೆರೆದುಕೊಂಡಿವೆ. ಅರೆಬರೆ ಮಡಚಿದ ಪ್ರೋಟೀನಿನ ಜಿಗುಟು ಭಾಗವೂ ಹೊರಗೇ ಇರುತ್ತದಲ್ಲ, ಅದು ಬಂದು ಹಿಡಿದುಕೊಳ್ಳುವುದು ಇಲ್ಲಿಗೇ. ಮುಚ್ಚಳ ಇರುವ ಬಳೆಯಲ್ಲಿ ಅವೇ ತುಂಡುಗಳು ಮೇಲೆದ್ದು ತಿರುಚಿಕೊಂಡಿವೆ. ಜಿಗುಟು ಜಾಗ ಮರೆಗೆ ಸರಿದು ನೀರಿಗೆ ಒಗ್ಗುವ ಮುಖ ಒಳಗೋಡೆಯಾಗಿದೆ. ಕೋಣೆಯೂ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗಿದೆ. ಹಿಡಿದುಕೊಂಡಿದ್ದ ಪ್ರೋಟೀನು ಈಗ ಒಳಗೆ ಬೀಳುತ್ತದೆ. ಬಳೆಗೆ ಅಂಟಿದ ಏಳು ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಒಡೆಯುವವರೆಗೆ, ಅಂದರೆ ಸುಮಾರು 10 ಸೆಕೆಂಡು, ಆ ಕೋಣೆ ಅದರದ್ದೇ.

ಹೋದ ವರ್ಷ ಒಬ್ಬ ಹುಡುಗಿ ಪರದೆ ಹತ್ತಿರ ಬಂದು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಸರ್, ಇದು ಆಕಾರ ಕಲಿಸೋದಿಲ್ಲ. ಬೇರೆಯವರು ಬಂದು ಅಂಟಿಕೊಳ್ಳದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೆ. ಬಾಣಂತಿ ಕೋಣೆ ಇದ್ದ ಹಾಗೆ, ಅಲ್ವಾ?" ಇಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ. ಆಕಾರದ ಗುಟ್ಟು ಅಮೈನೊ ಆಮ್ಲಗಳ ಸಾಲಿನಲ್ಲೇ ಇದೆ. ಜೀವಕೋಶದ ನೂಕುನುಗ್ಗಲಲ್ಲಿ ಒಂದಕ್ಕೊಂದು ಅಂಟಿ, ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದೇ ಅಪಾಯ.

ಕೊರತೆಯೂ ಇದೆ. ಈ ಫೈಲಿನಲ್ಲಿ ಮಡಚಿಕೊಳ್ಳುವ ಪ್ರೋಟೀನು ಇಲ್ಲ, ಕೋಣೆ ಖಾಲಿ, ಚಲನೆಯೂ ಕಾಣುವುದಿಲ್ಲ. ಎರಡು ಬಳೆಗಳನ್ನು ಹೋಲಿಸಿ ನಾವೇ ಊಹಿಸಿಕೊಳ್ಳಬೇಕು. 50 ಸಾವಿರಕ್ಕೂ ಜಾಸ್ತಿ ಪರಮಾಣು ಇರುವುದರಿಂದ ನನ್ನ ಹಳೇ ಫೋನಿನಲ್ಲಿ ತಡವರಿಸುತ್ತದೆ, ಲ್ಯಾಪ್‌ಟಾಪಿನಲ್ಲಿ ಏನೂ ತೊಂದರೆಯಿಲ್ಲ.

5ಕ್ಕೆ 5 ಕೊಡುತ್ತೇನೆ. ನಮ್ಮ ಕಡೆಯವರಿಗೆ ಒಂದು ಮಾತು: ಆಷಾಢದ ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಫೈಲುಗಳನ್ನೂ, ನೆಟ್ ಇಲ್ಲದೆ ತೆರೆಯುವ ಸಾಫ್ಟ್‌ವೇರನ್ನೂ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ.