ಅಲ್ಯೂಮಿನಿಯಂ, ಸ್ಟೀಲ್, ಟ್ರೈಪ್ಲೈ: ಮೂರು ಕುಕ್ಕರ್‌ಗಳಲ್ಲಿ ಒಂದು ವರ್ಷದ ಅಡುಗೆ

ನಮ್ಮ ಮನೆಯಲ್ಲಿ ಈಗ ಮೂರು ಕುಕ್ಕರ್ ಇವೆ. ಒಂದು ಅಮ್ಮ ಕೊಟ್ಟ 5 ಲೀಟರ್‌ನ ಅಲ್ಯೂಮಿನಿಯಂ ಕುಕ್ಕರ್. ಇನ್ನೊಂದು ಸ್ಯಾಂಡ್‌ವಿಚ್ ತಳದ 3 ಲೀಟರ್‌ನ ಸ್ಟೀಲ್ ಕುಕ್ಕರ್. ಮೂರನೆಯದು ಹೋದ ವರ್ಷ ತಂದ ಟ್ರೈಪ್ಲೈ, ಅಂದರೆ ತಳ, ಗೋಡೆ ಎಲ್ಲ ಮೂರು ಲೋಹದ ಪದರದ್ದು. ಅದೂ 3 ಲೀಟರ್. "ಅಲ್ಯೂಮಿನಿಯಂ ಬೇಡ, ವಿಷ. ಸ್ಟೀಲ್ ತಗೊಳ್ಳಿ" ಅಂತ ಹೇಳುವವರೇ ಜಾಸ್ತಿ. ವರ್ಷವಿಡೀ ಮೂರರಲ್ಲೂ ಬೇಯಿಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದೇ ಬೇರೆ. ನೀವು ಕುಕ್ಕರ್ ಒಳಗೆ ಪಾತ್ರೆ ಇಟ್ಟು ಬೇಯಿಸುತ್ತೀರೋ, ಕುಕ್ಕರ್‌ಗೇ ನೇರವಾಗಿ ಹಾಕಿ ಬೇಯಿಸುತ್ತೀರೋ? ಮೊದಲು ಅದನ್ನು ನೋಡಿಕೊಳ್ಳಬೇಕು. ಲೋಹದ ಮಾತು ಆಮೇಲೆ.

ಅಮ್ಮ ಯಾವಾಗಲೂ ಪಾತ್ರೆ ಇಟ್ಟೇ ಬೇಯಿಸುತ್ತಿದ್ದರು. ತಳದಲ್ಲಿ ಎರಡು ಲೋಟ ನೀರು, ಒಂದು ಪಾತ್ರೆಯಲ್ಲಿ ಬೇಳೆ, ಅದರ ಮೇಲೆ ಇನ್ನೊಂದರಲ್ಲಿ ಅಕ್ಕಿ. ಕೆಳಗಿನ ನೀರಿಗೆ ಒಂದು ಚೂರು ಹುಣಸೆ ಹಣ್ಣು. ಹಾಕದಿದ್ದರೆ ಕುಕ್ಕರ್ ಒಳಗೆಲ್ಲ ಕಪ್ಪಾಗುತ್ತಿತ್ತು. ಯಾಕೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಲ್ಯೂಮಿನಿಯಂ ಮೇಲೆ ಯಾವಾಗಲೂ ಆಕ್ಸೈಡ್‌ನ ಒಂದು ತೆಳು ಪದರ ಇರುತ್ತದೆ. ಗಡಸು ನೀರು ಕುದಿಯುತ್ತಾ ಹೋದ ಹಾಗೆ ಅದು ಕಪ್ಪಾಗುತ್ತದೆ. ಹುಳಿ ಆ ಪದರವನ್ನು ಕರಗಿಸುತ್ತದೆ.

ಒಂದು ದಿನ ಬೇಕೆಂದೇ ಆ ಕಪ್ಪಾದ ಕುಕ್ಕರ್‌ನಲ್ಲಿ ಪಾತ್ರೆ ಇಡದೆ ಹುಣಸೆ ರಸ, ಟೊಮೆಟೊ ಹಾಕಿ ಹುಳಿ ಮಾಡಿದೆ. ತೊಳೆಯುವಾಗ ನೋಡಿದರೆ, ಹುಳಿ ಇದ್ದಷ್ಟು ಎತ್ತರಕ್ಕೆ ಒಳಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಮೊದಲಿನ ಕಪ್ಪು ಹಾಗೇ ಇತ್ತು. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಆ ಕಪ್ಪು ಹೋಗಿದ್ದೆಲ್ಲಿಗೆ? ನಾವು ಉಂಡ ಹುಳಿಗೇ ಅಲ್ವಾ!

ಹಾಗಂತ ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಜಂಟಿ ತಜ್ಞರ ಸಮಿತಿ 2011ರಲ್ಲಿ ಊಟದ ಜೊತೆ ಹೊಟ್ಟೆಗೆ ಹೋಗುವ ಅಲ್ಯೂಮಿನಿಯಂಗೆ ಒಂದು ಮಿತಿ ಹಾಕಿದೆ. ವಾರಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ವಾರಕ್ಕೆ 120 ಮಿಲಿಗ್ರಾಂ. ಮೈಗೆ ಸೇರಿದ ಅಲ್ಯೂಮಿನಿಯಂ ಅನ್ನು ಆರೋಗ್ಯವಾಗಿರುವ ಕಿಡ್ನಿ ಹೊರಗೆ ಹಾಕುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರಲ್ಲಿ ಅದು ಉಳಿದುಕೊಳ್ಳುತ್ತದೆ. ಅಂಥವರು ಮನೆಯಲ್ಲಿದ್ದರೆ ಹುಳಿ ಅಡುಗೆಯನ್ನು ನೇರವಾಗಿ ಇದರಲ್ಲಿ ಮಾಡಲೇಬೇಡಿ. ಪಾತ್ರೆ ಇಟ್ಟು ಬೇಯಿಸುವಾಗ ಊಟಕ್ಕೂ ಅಲ್ಯೂಮಿನಿಯಂಗೂ ಮುಟ್ಟುವ ಮಾತೇ ಇಲ್ಲ. ಆ ಕೆಲಸಕ್ಕೆ ಇದರಷ್ಟು ಹಗುರ, ಇದರಷ್ಟು ಅಗ್ಗ ಇನ್ನೊಂದಿಲ್ಲ.

ಈಗ ಸ್ಟೀಲ್. ಇದರ ಗುಣ ಒಂದೇ ಮಾತಿನಲ್ಲಿ: ಹುಳಿಗೆ ಜಗ್ಗುವುದಿಲ್ಲ. ಇದರ ದೋಷವೂ ಒಂದೇ: ಬಿಸಿಯನ್ನು ಹರಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಅಲ್ಯೂಮಿನಿಯಂ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಅದಕ್ಕೇ ಸ್ಟೀಲ್ ಕುಕ್ಕರ್‌ನ ತಳಕ್ಕೆ ಮಾತ್ರ ಒಂದು ಅಲ್ಯೂಮಿನಿಯಂ ಬಿಲ್ಲೆ ಸೇರಿಸಿ, ಅದರ ಕೆಳಗೆ ಮತ್ತೆ ಸ್ಟೀಲ್ ಹಾಕುತ್ತಾರೆ. ಸ್ಯಾಂಡ್‌ವಿಚ್ ತಳ ಅಂದರೆ ಅದೇ. ಬೇಳೆಗೆ ಅಷ್ಟು ಸಾಕು. ಬಿಸಿಬೇಳೆ ಬಾತ್‌ಗೆ ಸಾಲಲಿಲ್ಲ. ನಮ್ಮ ಬರ್ನರ್‌ನ ಉರಿ ಬಿಲ್ಲೆಯ ಅಂಚು ದಾಟಿ ಗೋಡೆಗೆ ತಾಗುತ್ತದೆ. ಪ್ರತಿ ಸಲವೂ ಅಂಚಿನ ಸುತ್ತ ಬಳೆಯ ಹಾಗೆ ಕಂದು ಸೀಕು. ಬಾತ್‌ಗೆಲ್ಲ ಅದೇ ವಾಸನೆ.

ಇನ್ನೊಂದು ಕಷ್ಟ ಇಂಡಕ್ಷನ್ ಒಲೆಯ ಮೇಲೆ ಬಂತು. ಗ್ಯಾಸ್ಕೆಟ್ ಸರಿಯಾಗಿ ಕೂರದೆ ಪಕ್ಕದಿಂದ ಹಬೆ ಹೋಗುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ನೀರೆಲ್ಲ ಆರಿತು. ತಳ ಉಬ್ಬಿತು. ಈಗ ಒಲೆಯ ಗಾಜಿನ ಮೇಲೆ ಕುಕ್ಕರ್ ಅಲ್ಲಾಡುತ್ತದೆ. ಮೂರು ಪದರ ಒಟ್ಟಿಗೆ ಅಂಟಿಸಿದ ತಳ ಒಣಗಿ ಕಾದರೆ ಹೀಗಾಗುತ್ತದೆ, ಮತ್ತೆ ಸರಿಮಾಡಲು ಬರುವುದಿಲ್ಲ. ಸ್ಟೀಲ್ ಬಗ್ಗೆ ಒಂದು ಚಿಕ್ಕ ಎಚ್ಚರಿಕೆಯೂ ಇದೆ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಹಾಗೇ ಬಿಡಬೇಡಿ. ಉಪ್ಪು ಕೂತ ಕಡೆ ಸಣ್ಣ ಗುಳಿ ಬೀಳುತ್ತದೆ. ನೀರು ಕುದಿದ ಮೇಲೆ ಹಾಕಿ ಕಲಕಿ.

ಟ್ರೈಪ್ಲೈನಲ್ಲಿ ಅಲ್ಯೂಮಿನಿಯಂ ತಳದಲ್ಲಿ ಮಾತ್ರ ಅಲ್ಲ, ಗೋಡೆಯ ಒಳಗೂ ಇರುತ್ತದೆ. ಊಟ ಮುಟ್ಟುವ ಒಳಪದರ ಸಾಮಾನ್ಯವಾಗಿ 304 ಅನ್ನುವ ದರ್ಜೆಯ ಸ್ಟೀಲ್. ನಡುವೆ ಅಲ್ಯೂಮಿನಿಯಂ. ಹೊರಗೆ 430 ದರ್ಜೆಯ ಸ್ಟೀಲ್, ಅದಕ್ಕೆ ಅಯಸ್ಕಾಂತ ಹಿಡಿಯುತ್ತದೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಎರಡಕ್ಕೂ ಹಿಡಿದು ನೋಡಿದೆ. ನನ್ನ ಸ್ಯಾಂಡ್‌ವಿಚ್ ಕುಕ್ಕರ್‌ನ ತಳಕ್ಕೆ ಟಕ್ ಅಂತ ಅಂಟಿತು, ಗೋಡೆಯಿಂದ ಜಾರಿ ಬಿತ್ತು. ಟ್ರೈಪ್ಲೈಗೆ ತಳದಿಂದ ಬಾಯಿಯವರೆಗೂ ಅಂಟಿತು. ಅಂಗಡಿಯಲ್ಲಿ ಟ್ರೈಪ್ಲೈ ಅಂತ ಕೊಟ್ಟರೆ ನೀವೂ ಹೀಗೆ ನೋಡಿ. ಅದೇ ಬರ್ನರ್, ಅದೇ ಅಳತೆಯ ಬಿಸಿಬೇಳೆ ಬಾತ್. ಬಳೆ ಕಾಣಲಿಲ್ಲ. ಒಗ್ಗರಣೆಗೆ ಹಾಕಿದ ಸಾಸಿವೆ ಕೂಡ ಎಲ್ಲ ಕಡೆ ಒಟ್ಟಿಗೇ ಸಿಡಿಯಿತು. ನನಗೆ ನಿಜವಾಗಿ ಖುಷಿಯಾಯಿತು.

ತೂಕ ಮಾತ್ರ ಜಾಸ್ತಿ. ತುಂಬಿದ ಕುಕ್ಕರನ್ನು ಒಂದು ಕೈಯಲ್ಲಿ ಇಳಿಸಲು ಆಗುವುದಿಲ್ಲ. ಕೈ ನೋವಿರುವ ವಯಸ್ಸಾದವರಿಗೆ ನಾನಂತೂ ಇದನ್ನು ಹೇಳುವುದಿಲ್ಲ. ಬೆಲೆಯೂ ಮೂರರಲ್ಲಿ ಇದಕ್ಕೇ ಹೆಚ್ಚು.

ಹಾರ್ಡ್ ಆನೊಡೈಸ್ಡ್ ಕುಕ್ಕರನ್ನು ತಂಗಿಯ ಮನೆಯಲ್ಲಿ ಒಂದು ವಾರ ಬಳಸಿದ್ದೇನೆ. ಅದೂ ಅಲ್ಯೂಮಿನಿಯಮ್ಮೇ. ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ದಪ್ಪ ಮಾಡಿರುತ್ತಾರೆ. ಹುಳಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಡಿಶ್‌ವಾಷರ್‌ಗೆ ಹಾಕಿ ಹಾಕಿ ಅವಳ ಕುಕ್ಕರ್ ಬಣ್ಣಗೆಟ್ಟಿದೆ. ಆ ಡಿಟರ್ಜೆಂಟ್‌ನ ಕ್ಷಾರಕ್ಕೆ ಈ ಪದರ ನಿಲ್ಲುವುದಿಲ್ಲ.

ಒಲೆಯ ವಿಷಯ ಹೇಳಲೇಬೇಕು. ಮಾಮೂಲಿ ಅಲ್ಯೂಮಿನಿಯಂ ಕುಕ್ಕರನ್ನು ಇಂಡಕ್ಷನ್ ಗುರುತಿಸುವುದೇ ಇಲ್ಲ, ಸುಮ್ನೆ ಬೀಪ್ ಅನ್ನುತ್ತದೆ. ಸ್ಟೀಲ್, ಟ್ರೈಪ್ಲೈ ಎರಡೂ ನಡೆಯುತ್ತವೆ. ಆದರೆ ವಿಷಲ್ ಎಣಿಸುವ ಲೆಕ್ಕ ಅಲ್ಲಿ ಕೆಡುತ್ತದೆ. ಪೂರ್ತಿ ಪವರ್ ಇಟ್ಟರೆ ಮೂರು ವಿಷಲ್ ಬೇಗ ಬಂದುಬಿಡುತ್ತದೆ, ಬೇಳೆ ಮಾತ್ರ ಗಟ್ಟಿ. ಬೇಳೆ ಬೇಯುವುದು ಒಳಗಿನ ಶಾಖ ಮತ್ತು ಸಮಯದಿಂದ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಒಳಗೆ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಅದಕ್ಕೇ ಮೊದಲ ವಿಷಲ್ ಆದ ಮೇಲೆ ಪವರ್ ಇಳಿಸಿ ಎಂಟು ನಿಮಿಷ ಗಡಿಯಾರ ನೋಡುತ್ತೇನೆ. ನೆನೆಸಿದ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ.

ಯಾವುದೇ ತಗೊಳ್ಳಿ, ಐಎಸ್‌ಐ ಗುರುತು ಮತ್ತು ಐಎಸ್ 2347 ಸಂಖ್ಯೆ (ಪ್ರೆಷರ್ ಕುಕ್ಕರ್‌ಗಳ ಭಾರತೀಯ ಮಾನದಂಡ) ಇದೆಯಾ ನೋಡಿ. 2021ರ ಫೆಬ್ರವರಿಯಿಂದ ಇದು ಕಡ್ಡಾಯ.

ಈಗ ನಮ್ಮಲ್ಲಿ ದಿನದ ಹುಳಿ, ಬಾತ್ ಎಲ್ಲ ಟ್ರೈಪ್ಲೈನಲ್ಲಿ. ಉಬ್ಬಿದ ಸ್ಟೀಲ್ ಕುಕ್ಕರ್ ಗ್ಯಾಸ್ ಮೇಲೆ ಕಡಲೆಕಾಯಿ, ಗೆಣಸು ಬೇಯಿಸಲು. ನೆಂಟರು ಬಂದ ದಿನ ಅಮ್ಮನ ಅಲ್ಯೂಮಿನಿಯಂ ಕುಕ್ಕರ್ ಕೆಳಗಿಳಿಯುತ್ತದೆ. ಮೂರು ಪಾತ್ರೆ ಒಂದರ ಮೇಲೊಂದು ಹಿಡಿಯುವುದು ಅದರಲ್ಲಿ ಮಾತ್ರ. ತಳದ ನೀರಿಗೆ ಹುಣಸೆ ಚೂರು ಹಾಕುವುದನ್ನು ನಾನೂ ಬಿಟ್ಟಿಲ್ಲ.